ಸೈಕಲ್ಲು ಬಂತು, ಹಾದಿ ಎಲ್ಲಿ?

ಮೋಟಾರುಗಳ ಹಾವಳಿಯಿಲ್ಲದೆ ಊರಿಂದೂರಿಗೆ, ಬಯಲುಸೀಮೆಯಿಂದ ಕಡಲ ತೀರದವರೆಗೆ ಸೈಕಲ್ಲಿನ ಮೇಲೆ ಪ್ರವಾಸ ಮಾಡಬಹುದಾದ ಹಾದಿಗಳು ಯುರೋಪದ ಅನೇಕ ದೇಶಗಳಲ್ಲಿ ಹಬ್ಬಿವೆ. ಅಂಥ ಹಾದಿಗಳು ನಮ್ಮ ನಾಡಿಗೂ ಬೇಕೆಂದು ಹೇಳಿದೊಡನೆ, ‘ಇದು ಹೊಟ್ಟೆ ತುಂಬಿದವರ ವಿನೋದ, ಬಡ ಒಕ್ಕಲಿಗನಿಗೆ ಇದರಿಂದ ಏನು ಪ್ರಯೋಜನ?’ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ನಾವು ಉಪೇಕ್ಷಿಸುವದಿಲ್ಲ. ಆದರೆ ಹುಬ್ಬಳ್ಳಿ ತಾಲೂಕಿನ ಸುಳ್ಳದಂಥ ಒಂದು ಹಳ್ಳಿಯಲ್ಲಿ ನಿಂತು ವಿಚಾರಿಸಿದರೆ, ಇದು ವಿಲಾಸದ ಮಾತಲ್ಲ, ನ್ಯಾಯದ ಮಾತೆಂಬುದು ಸ್ಪಷ್ಟವಾಗುವದು.

ಸುಳ್ಳವು ಹುಬ್ಬಳ್ಳಿಗೆ ದೂರದ ಊರಲ್ಲ. ಸೈಕಲ್ಲಿನ ಮೇಲೆ ಹೆಚ್ಚೆಂದರೆ ಒಂದು ತಾಸಿನ ಹಾದಿ. ಕೇಶ್ವಾಪುರದ ಕಡೆಯಿಂದ ಹೊರಡುವ ರಸ್ತೆಯನ್ನು ಪಟ್ಟಣಿಗರು ಸುಳ್ಳ ರಸ್ತೆಯೆಂದೇ ಕರೆಯುತ್ತಾರೆ. ಸುತ್ತಲೂ ಎರೆಯ ಬಯಲು. ಹತ್ತಿ, ಹೆಸರು, ಕಡಲೆ, ಜೋಳ, ಮೆಣಸಿನಕಾಯಿ ಬೆಳೆಯುವ ಭೂಮಿ. ದೊಡ್ಡ ಏರಿಲ್ಲ, ಇಳುಕಲಿಲ್ಲ. ಸೈಕಲ್ಲಿಗೆ ಇದಕ್ಕಿಂತ ಅನುಕೂಲವಾದ ನೆಲವನ್ನು ಎಲ್ಲಿ ಹುಡುಕಬೇಕು? ಆದರೂ ಸುಳ್ಳ, ಬ್ಯಾಹಟ್ಟಿ, ಕುಸುಗಲ್ಲಗಳ ತಾಯಿತಂದೆಗಳು ತಮ್ಮ ಮಗಳನ್ನು ಸೈಕಲ್ಲಿನ ಮೇಲೆ ಪಟ್ಟಣದ ಶಾಲೆಗೆ ಕಳಿಸುವ ಮುಂಚೆ ಎರಡು ಸಲ ಯೋಚಿಸಬೇಕಾಗುತ್ತದೆ. ಅವರಿಗೆ ದೂರದ ಅಂಜಿಕೆಯಿಲ್ಲ, ಅಂಜಿಕೆಯೆಲ್ಲ ಲಾರಿಯದು.

ಸರಕಾರವು ಸೈಕಲ್ಲನ್ನು ಮರೆತಿತ್ತೆಂದು ಹೇಳುವಂತಿಲ್ಲ. 2006-07ರಲ್ಲಿ ಎಂಟನೆಯ ಇಯತ್ತೆಯ ಮಕ್ಕಳಿಗೆ ಪುಕ್ಕಟೆ ಸೈಕಲ್ಲು ಕೊಡುವ ಯೋಜನೆಯನ್ನು ಕರ್ನಾಟಕ ಸರಕಾರವು ಕೈಕೊಂಡಿತು. ಶಾಲೆ ಬಿಡುತ್ತಿದ್ದ ಎಷ್ಟೋ ಹಳ್ಳಿಯ ಹುಡುಗಿಯರಿಗೆ ಅದರಿಂದ ಓದು ಮುಂದುವರಿಸುವ ಅನುಕೂಲವಾಯಿತು. 2020ರ ಮಹಾಮಾರಿಯ ಕಾಲದಲ್ಲಿ ಆ ವಿತರಣೆ ನಿಂತುಹೋಯಿತು. ಅದನ್ನು ನಿಲ್ಲಿಸಿದ್ದು ತಪ್ಪೆಂದೇ ನಮ್ಮ ಅಭಿಪ್ರಾಯ. ಆದರೆ ಅದಕ್ಕಿಂತ ದೊಡ್ಡ ತಪ್ಪೊಂದು ಮೊದಲಿನಿಂದಲೂ ಇತ್ತು. ಕೊಟ್ಟ ಸೈಕಲ್ಲು ಯಾವ ಹಾದಿಯ ಮೇಲೆ ಓಡಬೇಕೆಂಬುದನ್ನು ಯಾರೂ ವಿಚಾರಿಸಲಿಲ್ಲ. ಸೈಕಲ್ಲು ಕೊಡುವದು ಶಿಕ್ಷಣ ಖಾತೆಯ ಕೆಲಸ, ರಸ್ತೆ ಮಾಡುವದು ಲೋಕೋಪಯೋಗಿ ಖಾತೆಯ ಕೆಲಸ. ಎತ್ತು ಏರಿಗೆ, ಕೋಣ ನೀರಿಗೆ ಎಳೆದರೆ ಗಾಡಿ ಮುಂದೆ ಹೋಗುವದುಂಟೆ? 2022ರಲ್ಲಿ ಭಾರತದ ರಸ್ತೆಗಳ ಮೇಲೆ ಅಪಘಾತಗಳಿಂದ ಸತ್ತವರು 1,68,491 ಜನರು. ಅವರಲ್ಲಿ 32,825 ಜನರು ಕಾಲುನಡಿಗೆಯವರು. ಸೈಕಲ್ ಸವಾರರು ನಾಲ್ಕು ಸಾವಿರಕ್ಕೂ ಮಿಕ್ಕಿ. ಇವರಾರೂ ಯಾರ ಮೇಲೂ ಹಾಯ್ದು ಹೋದವರಲ್ಲ.

ನಗರಗಳಲ್ಲಿ ಸ್ವಲ್ಪ ಎಚ್ಚರ ಮೂಡಿರುವದನ್ನು ನಾವು ಸಂತೋಷದಿಂದ ಒಪ್ಪುತ್ತೇವೆ. ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಬಾಡಿಗೆ ಸೈಕಲ್ಲಿನ ವ್ಯವಸ್ಥೆ ಆರಂಭವಾಯಿತು. ಹೈದರಾಬಾದಿನ ಹೊರವರ್ತುಲ ರಸ್ತೆಯ ಮಗ್ಗುಲಲ್ಲಿ 23 ಕಿಲೋಮೀಟರ ಉದ್ದದ, ಮೇಲೆ ಸೌರಫಲಕಗಳ ಚಪ್ಪರವಿರುವ ಸೈಕಲ್ ಹಾದಿ 2023ರಲ್ಲಿ ತೆರೆಯಿತು. ನಮ್ಮ ಹುಬ್ಬಳ್ಳಿಯಲ್ಲಿಯೂ ಉಣಕಲ್ಲ ನಾಲೆಯ ದಂಡೆಗುಂಟ ಸೈಕಲ್ಲು ಮತ್ತು ಕಾಲುನಡಿಗೆಯವರಿಗಾಗಿ ಹಸಿರು ಹಾದಿಯೊಂದನ್ನು ಫ್ರೆಂಚ್ ನೆರವಿನ ಯೋಜನೆಯಡಿ ಕೈಕೊಳ್ಳಲಾಯಿತು. ಒಳ್ಳೆಯದೇ. ಆದರೆ ಇವೆಲ್ಲವೂ ಪಟ್ಟಣದ ಸೀಮೆಯ ಆಸುಪಾಸಿನಲ್ಲಿಯೇ ಮುಗಿಯುತ್ತವೆ. ಸೈಕಲ್ಲು ಇಂದಿಗೂ ಯಾರ ಹೊಟ್ಟೆಪಾಡಿನ ವಾಹನವಾಗಿದೆಯೋ ಆ ಹಳ್ಳಿಯವನಿಗೆ ಇವುಗಳಲ್ಲಿ ಪಾಲಿಲ್ಲ.

ಹಾಗಾದರೆ ಹಳ್ಳಿಗಳಲ್ಲಿ ಹಾದಿಗಾಗಿ ಹೊಸ ಭೂಮಿ ಎಲ್ಲಿಂದ ತರಬೇಕು? ತರಬೇಕಾಗಿಯೇ ಇಲ್ಲ. ಬೆಣ್ಣೆಯನ್ನು ಕೈಯಲ್ಲಿಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆದರಂತೆ! ಊರೂರನ್ನು ಕೂಡಿಸುವ ಚಕ್ಕಡಿ ದಾರಿಗಳು ನಮ್ಮ ಜಿಲ್ಲೆಯ ತುಂಬ ಇವೆ. 1840ರ ದಶಕದಲ್ಲಿ ಮುಂಬಯಿ ಸರಕಾರವು ಧಾರವಾಡ ಸೀಮೆಯಲ್ಲಿ ಮೋಜಣಿಯನ್ನು ಆರಂಭಿಸಿದಂದಿನಿಂದ ಬೆಳೆದುಬಂದ ಗ್ರಾಮದ ನಕಾಶೆಗಳಲ್ಲಿ ಇಂಥ ದಾರಿಗಳು ಗುರುತಾಗಿವೆ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 67ನೆಯ ಕಲಮಿನಂತೆ ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿಗಳೆಲ್ಲ ಸರಕಾರದ ಸ್ವತ್ತು. ಅಂದರೆ ಅವು ಊರ ಮಂದಿಯ ಸ್ವತ್ತು. ಮಗ್ಗುಲ ಹೊಲದವನದಲ್ಲ, ಲೇಔಟು ಹಾಕುವ ಸಾಹುಕಾರನದೂ ಅಲ್ಲ.

ಆದರೆ ಈ ದಾರಿಗಳು ದಿನದಿನಕ್ಕೆ ಸವೆಯುತ್ತಿವೆ. ಒಬ್ಬನು ನೇಗಿಲಿನಿಂದ ಒಂದು ಮೊಳ ಒತ್ತುತ್ತಾನೆ. ಎದುರಿನವನು ಮರುವರ್ಷ ಎರಡು ಮೊಳ ಒತ್ತುತ್ತಾನೆ. ಪಟ್ಟಣದ ಅಂಚಿನಲ್ಲಿಯಂತೂ ಹೊಲಗಳು ಬಿನಶೇತ್ಕಿಯಾಗಿ ನಿವೇಶನಗಳಾಗುವಾಗ ಹಳೆಯ ದಾರಿಯು ಕಂಪೌಂಡಿನ ಗೋಡೆಯೊಳಗೆ ಅಡಗಿಹೋಗುತ್ತದೆ. ಕೇಶ್ವಾಪುರದಿಂದಾಚೆಗೆ ಮನೆಗಳು ಸುಳ್ಳದ ದಿಕ್ಕಿಗೆ ಸರಿಯುತ್ತಿರುವಾಗ ಈ ಮಾತು ಅವಸರದ್ದಾಗಿದೆ. ಒಮ್ಮೆ ಗೋಡೆಯೆದ್ದರೆ ದಾರಿ ಮರಳಿ ಬರಲು ಎರಡು ತಲೆಮಾರಿನ ಕೋರ್ಟು-ಕಚೇರಿ ಬೇಕಾದೀತು.

ಎರೆಯ ನೆಲದಲ್ಲಿ ಚಕ್ಕಡಿ ದಾರಿಯ ತೊಂದರೆಯನ್ನು ನಾವು ಬಲ್ಲೆವು. ಮಳೆ ಬಿದ್ದರೆ ಕೆಸರು ಗಾಲಿಗೆ ಮೆತ್ತಿ ಸೈಕಲ್ಲು ನಿಂತಲ್ಲೇ ನಿಲ್ಲುತ್ತದೆ. ಬೇಸಗೆಯಲ್ಲಿ ನೆಲ ಬಿರಿದು ಗಾಲಿ ಸಿಕ್ಕಿಕೊಳ್ಳುತ್ತದೆ. ಆದುದರಿಂದ ದಾರಿಯನ್ನು ಸ್ವಲ್ಪ ಎತ್ತರಿಸಿ, ಇಬ್ಬದಿಗೆ ನೀರು ಹೋಗುವ ಗಟಾರ ತೋಡಿ, ಮೇಲೆ ಗರಸು ಹಾಕಿ ಗಟ್ಟಿಮಾಡಬೇಕು. 2005ರ ಉದ್ಯೋಗ ಖಾತ್ರಿ ಕಾಯಿದೆಯಡಿ ಹೊಲದ ದಾರಿಗಳನ್ನು ಈ ರೀತಿಯಲ್ಲಿ ಸುಧಾರಿಸಿದ ಅನುಭವ ನಮ್ಮ ಪಂಚಾಯತಿಗಳಿಗೆ ಇದೆ. ಒಕ್ಕಲಿಗನ ಚಕ್ಕಡಿಗೂ ಟ್ರ್ಯಾಕ್ಟರಿಗೂ ಅಲ್ಲಿ ಅಡ್ಡಿಯಾಗಬಾರದು. ಹೊಲಕ್ಕೆ ಸಂಬಂಧವಿಲ್ಲದೆ ಅಡ್ಡದಾರಿಯೆಂದು ನುಗ್ಗುವ ಲಾರಿ-ಮೋಟಾರುಗಳಿಗೆ ಮಾತ್ರ ತಡೆಯಿರಬೇಕು. ಹಾಲಂಡ ದೇಶದ ಹಳ್ಳಿಗಾಡಿನಲ್ಲಿ ಬೇಸಾಯದ ವಾಹನ ಮತ್ತು ಸೈಕಲ್ಲು ಒಂದೇ ದಾರಿಯನ್ನು ಹಂಚಿಕೊಳ್ಳುವ ಏರ್ಪಾಡು ಸಾಮಾನ್ಯವಾಗಿದೆ.

ಆ ಹಾಲಂಡದ ಕಥೆಯನ್ನು ನಮ್ಮ ಅಧಿಕಾರಿವರ್ಗವು ಸರಿಯಾಗಿ ಓದಬೇಕೆಂದು ನಾವು ಸೂಚಿಸುತ್ತೇವೆ. ಅಲ್ಲಿಯ ಸೈಕಲ್ ಹಾದಿಗಳು ಇಂದಿನ ರೂಪವನ್ನು ತಳೆದದ್ದು ಪ್ರವಾಸಿಗರ ಮೋಜಿಗಾಗಿ ಅಲ್ಲ. 1971ರಲ್ಲಿ ಆ ಚಿಕ್ಕ ದೇಶದ ರಸ್ತೆಗಳ ಮೇಲೆ ಮೂರು ಸಾವಿರಕ್ಕೂ ಮಿಕ್ಕಿ ಜನರು ಸತ್ತರು. ಅವರಲ್ಲಿ ನಾಲ್ಕು ನೂರಕ್ಕೂ ಹೆಚ್ಚು ಮಕ್ಕಳು. ತಾಯಿತಂದೆಗಳು ಬೀದಿಗಿಳಿದು ಮಕ್ಕಳ ಕೊಲೆಯನ್ನು ನಿಲ್ಲಿಸಿರೆಂದು ಕೂಗಿದರು, ಸರಕಾರವು ಕಿವಿಗೊಡಲೇಬೇಕಾಯಿತು. ಶಾಲೆಯ ಮಗುವಿಗೆಂದು ಸುರಕ್ಷಿತಗೊಂಡ ಹಾದಿಯ ಮೇಲೆಯೇ ತರುವಾಯ ಪ್ರವಾಸಿಯೂ ಬಂದನು. ನಮ್ಮ ವಾದದ ತಿರುಳೂ ಇದೇ: ಸುಳ್ಳದ ಮಗುವಿಗೆ ಕ್ಷೇಮವಾದ ಹಾದಿಯು ಪ್ರವಾಸಿಗೂ ಕ್ಷೇಮವಾಗುವದು; ಪ್ರವಾಸಿಗೆಂದೇ ಮಾಡಿದ ಹಾದಿಯು ಸುಳ್ಳದವರೆಗೆ ಎಂದೂ ಬರಲಿಕ್ಕಿಲ್ಲ.

ಪ್ರವಾಸಿಯು ಬಂದರೆ ನೋಡತಕ್ಕದ್ದೇನಿದೆ ಎಂದರೆ, ಅದಕ್ಕೆ ಕೊರತೆಯಿಲ್ಲ. ಪೂರ್ವಕ್ಕೆ ಅಣ್ಣಿಗೇರಿಯ ಅಮೃತೇಶ್ವರ ದೇವಾಲಯವಿದೆ; ಉತ್ತರಕ್ಕೆ ನವಲಗುಂದದ ಜಮಖಾನೆ ನೇಯುವ ಮನೆಗಳಿವೆ; ದಕ್ಷಿಣಕ್ಕೆ ಸವಾಯಿ ಗಂಧರ್ವರ ಕುಂದಗೋಳವಿದೆ. ಮೋಟಾರಿನವನು ಧೂಳೆಬ್ಬಿಸಿ ಹೋಗುತ್ತಾನೆ. ಸೈಕಲ್ಲಿನವನು ಊರೂರಿಗೆ ಇಳಿದು ಚಹಾ ಕುಡಿಯುತ್ತಾನೆ, ರೊಟ್ಟಿ ಉಣ್ಣುತ್ತಾನೆ, ರಾತ್ರಿ ತಂಗುತ್ತಾನೆ.

ಇನ್ನು ಕಡಲಿನ ಮಾತು. ರೈಲು ಬರುವ ಮುಂಚೆ ಈ ಸೀಮೆಯ ಹತ್ತಿಯು ಚಕ್ಕಡಿಗಳಲ್ಲಿ ಶಿರಸಿಯ ಮೇಲೆ ಹಾಯ್ದು, ದೇವಿಮನೆ ಘಟ್ಟವನ್ನಿಳಿದು ಕುಮಟೆಯ ಬಂದರಕ್ಕೆ ಹೋಗುತ್ತಿತ್ತು. ಅಮೇರಿಕೆಯಲ್ಲಿ 1861ರಿಂದ 1865ರ ವರೆಗೆ ಅಂತರ್ಯುದ್ಧ ನಡೆದಾಗ ಈ ವ್ಯಾಪಾರವು ಭರಭರಾಟೆಯಾಯಿತು. ನಮ್ಮ ಎರೆಯಲ್ಲಿ ಬೆಳೆದ ನಾಡಹತ್ತಿಗೆ ಪೇಟೆಯಲ್ಲಿ ‘ಕುಮಟಾ’ ಎಂಬ ಹೆಸರೇ ಬಿದ್ದುಹೋಯಿತು. 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂದ ಮೇಲೆ ಆ ಚಕ್ಕಡಿಗಳ ಸಾಲು ಕರಗಿತು. ಇಂದು ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ 52ನೆಯ ರಾಷ್ಟ್ರೀಯ ಹೆದ್ದಾರಿಯು ಲಾರಿಗಳ ರಾಜ್ಯವಾಗಿದೆ. ಕರಾವಳಿಯ 66ನೆಯ ಹೆದ್ದಾರಿಯೂ ಅಷ್ಟೆ. ಹತ್ತಿಯ ಹಳೆಯ ದಿಕ್ಕನ್ನು ಹಿಡಿದು, ಹಳ್ಳಿಯ ದಾರಿಗಳನ್ನು ಪೋಣಿಸಿ, ಮುಂಡಗೋಡ, ಶಿರಸಿಗಳ ಮಾರ್ಗವಾಗಿ ಕಡಲಿಗೆ ಒಂದು ಸೈಕಲ್ ಯಾತ್ರೆಯನ್ನು ಏರ್ಪಡಿಸಲು ಸಾಧ್ಯವಿದೆ. ಕುಮಟೆಯಿಂದಾಚೆಗೆ ಮೀನುಗಾರರ ಊರುಗಳ ಒಳದಾರಿಗಳಿವೆ, ಅಘನಾಶಿನಿಯಿಂದ ತದಡಿಗೆ ದಾಟಿಸುವ ದೋಣಿಯಿದೆ, ಗೋಕರ್ಣವಿದೆ.

ಆದರೆ ಘಟ್ಟದಲ್ಲಿ ಸೈಕಲ್ಲಿಗಾಗಿಯೂ ಒಂದು ಗುದ್ದಲಿಯಷ್ಟು ಗುಡ್ಡವನ್ನು ಕಡಿಯಬಾರದೆಂಬುದು ನಮ್ಮ ಖಂಡಿತ ಮತ. ರಸ್ತೆ ಅಗಲಿಸಲು ಗುಡ್ಡದ ಬುಡ ಕಡಿದ ಅಂಕೋಲೆಯ ಹತ್ತಿರದ ಶಿರೂರಿನಲ್ಲಿ 2024ರ ಜುಲೈ 16ರಂದು ಏನಾಯಿತೆಂಬುದನ್ನು ವಾಚಕರು ಮರೆತಿರಲಾರರು. ಘಟ್ಟದ ಭಾಗದಲ್ಲಿ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸುಗಳು ಸೈಕಲ್ಲುಗಳನ್ನು ಹೊತ್ತು ಇಳಿಸಿದರೆ ಸಾಕು.

‘ಈಗ ಎಲ್ಲರ ಮನೆಯಲ್ಲಿಯೂ ಮೋಟಾರಸೈಕಲ್ಲಿದೆ, ಸೈಕಲ್ಲು ಯಾರಿಗೆ ಬೇಕು?’ ಎಂಬ ಆಕ್ಷೇಪಕ್ಕೂ ಉತ್ತರ ಹೇಳಬೇಕು. ಎಲ್ಲರ ಮನೆಯಲ್ಲಿ ಇಲ್ಲ. ಇದ್ದ ಮನೆಯಲ್ಲಿಯೂ ಅದು ಒಬ್ಬನ ಕೈಯಲ್ಲಿರುತ್ತದೆ. ಹದಿನೆಂಟು ತುಂಬದ ಹುಡುಗನಿಗೆ ಅದನ್ನು ಕಾಯಿದೆ ಕೊಡುವದಿಲ್ಲ. ಕೂಲಿಗೆ ಹೋಗುವ ಹೆಣ್ಣುಮಗಳಿಗೆ ಮನೆಯವರೂ ಕೊಡುವದಿಲ್ಲ. ಯಲ್ಲಮ್ಮನ ಗುಡ್ಡಕ್ಕೆ ಕಾಲುನಡಿಗೆಯಲ್ಲಿ ಹೋಗುವ ಭಕ್ತರಿಗೂ ಲಾರಿಯಿಲ್ಲದ ಹಾದಿ ಬೇಕಷ್ಟೆ.

ಆದುದರಿಂದ ನಮ್ಮ ಬೇಡಿಕೆಗಳು ಇವು. ಮೊದಲನೆಯದಾಗಿ, ಹುಬ್ಬಳ್ಳಿ ಸುತ್ತಲಿನ ಹಳ್ಳಿಗಳ ಚಕ್ಕಡಿ ದಾರಿಗಳನ್ನು ನಕಾಶೆಯಂತೆ ಅಳೆದು ಕಲ್ಲು ನೆಡಬೇಕು. ಎರಡನೆಯದಾಗಿ, ಯಾವ ದಾರಿಯನ್ನೂ ಮುಚ್ಚುವ ಲೇಔಟಿಗೆ ನಗರಾಭಿವೃದ್ಧಿ ಪ್ರಾಧಿಕಾರವು ಒಪ್ಪಿಗೆ ಕೊಡಬಾರದು. ಮೂರನೆಯದಾಗಿ, ಸುಳ್ಳದಿಂದ ಹುಬ್ಬಳ್ಳಿಯ ಶಾಲೆಗಳವರೆಗೆ ಒಂದು ಹಾದಿಯನ್ನು ಮಾದರಿಯಾಗಿ ಗರಸು ಹಾಕಿ ತೆರೆಯಬೇಕು. ನಾಲ್ಕನೆಯದಾಗಿ, ದಾರಿಗಳು ಕೂಡುವಲ್ಲೆಲ್ಲ ಅಂಕಿ ಬರೆದ ಕಂಬಗಳನ್ನು ನಿಲ್ಲಿಸಬೇಕು. ಬೆಲ್ಜಿಯಮ್ಮಿನ ಲಿಂಬುರ್ಗ ಪ್ರಾಂತದಲ್ಲಿ 1995ರಲ್ಲಿ ಇಂಥ ಕಂಬಗಳ ವ್ಯವಸ್ಥೆ ಆರಂಭವಾಯಿತು. ಕಲ್ಲಿದ್ದಲ ಗಣಿಯೊಂದರ ಎಂಜಿನಿಯರನ ಆಲೋಚನೆಯದು. ಗಣಿಗಳು ಮುಚ್ಚಿದ ಆ ಸೀಮೆಗೆ ಸೈಕಲ್ ಪ್ರವಾಸವೇ ಒಂದು ಹೊಸ ಉದ್ಯೋಗವಾಯಿತು.

ಇದಕ್ಕೆ ಕೋಟಿಗಟ್ಟಲೆ ಹಣದ ಸೇತುವೆ ಬೇಡ, ವಿದೇಶದ ತಜ್ಞರು ಬೇಡ. ಒಬ್ಬ ತಹಶೀಲದಾರನು ನಕಾಶೆ ಹಿಡಿದು ಹೊಲದ ಬದುವಿಗೆ ಇಳಿದರೆ ಕೆಲಸ ಆರಂಭವಾದಂತೆಯೇ. ಮುಂಗಾರಿನ ಬಿತ್ತಿಗೆ ಮುಂಚೆ, ಹೊಲಗಳು ಬರಿದಾಗಿರುವಾಗ, ಅಳೆಯುವದು ಸುಲಭ. ಜಿಲ್ಲಾಧಿಕಾರಿಗಳು ಈ ಬೇಸಗೆಯನ್ನು ವ್ಯರ್ಥವಾಗಿ ಕಳೆಯಲಾರರೆಂದು ನಾವು ನಂಬುತ್ತೇವೆ.