ಗುಳಿಗಿ ಒಂದ ಸಾಲಂಗಿಲ್ಲ

ಕೈ ನಡುಗಿದರ ವಯಸ್ಸಾತು, ಹೆಜ್ಜಿ ತಡವರಿಸಿದರ ಮೂಲ್ಯಾಗ ಕುಂದರ್ರಿ. ನಮ್ಮ ಜತ್ತ ಭಾಗದ ಹಳ್ಳಿಯೊಳಗ ಇದ ತೀರ್ಪು. ಈ ತೀರ್ಪು ತಪ್ಪು.

ಎಲ್ಲಾ ನಡುಕ ಒಂದಲ್ಲ, ಡಾಕ್ಟರಿಗೆ ತೋರಿಸಬೇಕು. ಅದರಾಗ ಒಂದು ಪಾರ್ಕಿನ್ಸನ್ ಬ್ಯಾನಿ. 1817ರಲ್ಲಿ ಲಂಡನ್ನಿನ ಡಾಕ್ಟರ್ ಜೇಮ್ಸ್ ಪಾರ್ಕಿನ್ಸನ್ ಇದರ ಬಗ್ಗೆ ಬರೆದರು. ಮೆದುಳಿನ್ಯಾಗ ಡೋಪಮಿನ್ ಕಡಿಮಿಯಾಗಿ ಮೈ ಬಿಗೀತೈತಿ, ಹೆಜ್ಜಿ ಸಣ್ಣದಾಗತೈತಿ, ಬಾಗಲದಾಗ ಕಾಲು ನೆಲಕ್ಕ ಅಂಟಿದಂಗ ನಿಂತು ಬಿಡತೈತಿ. ಗುಳಿಗಿ ಬೇಕ ಬೇಕು. ಆದರ ನಡಿಗಿ ಕಲಿಸಾಕ ಫಿಜಿಯೋಥೆರಪಿಯವರೂ ಬೇಕು.

ಅವರು ಬರೇ ಮಾಲೀಶ ಮಾಡಾವರು ಅಂತ ತಿಳಿಬ್ಯಾಡ್ರಿ. ನೆಲದ ಮ್ಯಾಲ ಅಡ್ಡಗೆರಿ ಎಳೆದು ದಾಟಸ್ತಾರ, ತಾಳಕ್ಕ ಸರಿಯಾಗಿ ಹೆಜ್ಜಿ ಇಡಸ್ತಾರ. ಎಷ್ಟೋ ಮಂದಿಗೆ ನಿಂತ ಕಾಲು ಏಳತೈತಿ. ಇದು ಮಾಟ ಅಲ್ಲ. ತಾನಾಗೆ ನಡಸೋ ದಾರಿ ಕೆಟ್ಟಾಗ ಕಣ್ಣು, ಕಿವಿಯ ದಾರಿಯಿಂದ ಕಾಲಿಗೆ ಹುಕುಂ ಹೋಗತೈತಿ. ಭಜನಿ ಹಾಡಾವ ನಾನು. ತಾಳದ ಶಕ್ತಿ ನನಗ ಗೊತ್ತೈತಿ.

ಈ ವ್ಯಾಯಾಮ ದಿನಾ ಮಾಡಬೇಕು. ಬಸ್ ಹತ್ತಾಕ ಆಗದವರಿಗೆ ದೂರದ ಪ್ಯಾಟ್ಯಾಗ ಫಿಜಿಯೋಥೆರಪಿ ಇಟ್ಟರ ಏನು ಬಂತು? ಹೋದರೂ ಅಲ್ಲಿ ಮಾತು ಮರಾಠಿ. ಮರಾಠಿ ನಮಗ ವೈರಿ ಅಲ್ಲ, ಸಂತಿ ವ್ಯವಹಾರ ಅದರಾಗ ನಡೀತೈತಿ. ಆದರ ಬೀಳೋ ಹೊತ್ತಿನ್ಯಾಗ ಅರ್ಥ ಹುಡುಕಾಕ ವ್ಯಾಳೆ ಎಲ್ಲೈತಿ? "ದೊಡ್ಡ ಹೆಜ್ಜಿ ಇಡ್ರಿ" ಅಂತ ಕನ್ನಡದಾಗ ಹೇಳಾವರು ಬೇಕು.

ತಿಂಗಳಿಗೆ ಎರಡು ಸಲ ಕನ್ನಡ ಬಲ್ಲ ಫಿಜಿಯೋಥೆರಪಿಯವರು ನಮ್ಮ ಆರೋಗ್ಯ ಕೇಂದ್ರಕ್ಕ ಬರಲಿ, ಮನಿ ಮಂದಿಗೂ ಕಲಿಸಲಿ. ಗಟಾರ, ರಸ್ತೆ ಕೇಳೂವಂಗ ಇದನ್ನೂ ಗ್ರಾಮಸಭೆಯೊಳಗ ಎದ್ದು ನಿಂತು ಕೇಳ್ರಿ.