ಸಾಕ್ಷಿದಾರನ ಖರ್ಚು ಯಾರ ಮೇಲೆ?

ನ್ಯಾಯದಾನವು ಸರಕಾರದ ಕರ್ತವ್ಯವಾದರೆ ಅದಕ್ಕೆ ನೆರವಾಗುವುದು ಪ್ರಜೆಯ ಕರ್ತವ್ಯವೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ಬಡವನು ಆ ಕರ್ತವ್ಯವನ್ನು ತನ್ನ ಗಂಟಿನ ಹಣ ತೆತ್ತು ಮಾಡಬೇಕೆಂಬುದು ಯಾವ ನ್ಯಾಯ? ಇಂಗ್ಲೆಂಡಿನಲ್ಲಿ ಜ್ಯೂರಿಯಾಗಿ ಕುಳಿತವನಿಗೆ ಪ್ರಯಾಣದ ವೆಚ್ಚವನ್ನೂ ತಪ್ಪಿದ ಗಳಿಕೆಯನ್ನೂ ಒಂದು ಮಿತಿಯೊಳಗೆ ತುಂಬಿಕೊಡುತ್ತಾರೆ. ನಮ್ಮಲ್ಲಿ 1974ರ ಏಪ್ರಿಲ್ 1ರಂದು ಜಾರಿಗೆ ಬಂದ ದಂಡಪ್ರಕ್ರಿಯಾ ಸಂಹಿತೆಯು ಜ್ಯೂರಿಗೆ ಸ್ಥಾನವನ್ನೇ ಉಳಿಸಲಿಲ್ಲ. ಇಂದು ಸಾಮಾನ್ಯ ಪ್ರಜೆಯು ನ್ಯಾಯಾಸನಕ್ಕೆ ನೆರವಾಗುವುದು ಸಾಕ್ಷಿದಾರನಾಗಿ.

ವಡಗೇರಾ ತಾಲೂಕಿನ ಕೂಲಿಕಾರನೊಬ್ಬನಿಗೆ ಸೆಷನ್ಸ್ ಮೊಕದ್ದಮೆಯಲ್ಲಿ ಸಮನ್ಸು ಬಂದಿತೆನ್ನೋಣ. ಹತ್ತಿ ಬಿಡಿಸುವ ಸುಗ್ಗಿಯ ದಿನ ಕೂಲಿ ಬಿಟ್ಟು, ಭೀಮೆಯನ್ನು ದಾಟಿ, ಯಾದಗಿರಿಯ ಕೋರ್ಟಿಗೆ ಹೋಗಬೇಕು. ಬಸ್ಸಿನ ಖರ್ಚು, ಊಟದ ಖರ್ಚು ಅವನದೇ. ಸಂಜೆಗೆ ಮೊಕದ್ದಮೆ ಮುಂದೆ ಬಿದ್ದರೆ ಇನ್ನೊಂದು ದಿನ ಅದೇ ಪಾಡು. ಹೋಗದಿದ್ದರೆ ದಂಡ, ವಾರಂಟು!

ಕಾನೂನಿನ ಈ ವಿಚಿತ್ರವನ್ನು ವಾಚಕರು ಗಮನಿಸಬೇಕು. ದಿವಾಣಿ ದಾವೆಯಲ್ಲಿ ಸಾಕ್ಷಿಯನ್ನು ಕರೆಯಿಸುವ ಪಕ್ಷದವನು ಮೊದಲೇ ಅವನ ಖರ್ಚನ್ನು ಕೋರ್ಟಿನಲ್ಲಿ ಕಟ್ಟಬೇಕು. ಸಮನ್ಸು ಕೊಡುವಾಗಲೇ ಹಣವನ್ನೂ ಕೊಡಬೇಕು. ಫೌಜದಾರಿಯಲ್ಲಿಯಾದರೋ, ಕೋರ್ಟಿಗೆ ಉಚಿತವೆಂದು ತೋರಿದರೆ ಸರಕಾರದಿಂದ ಖರ್ಚು ಕೊಡಿಸಬಹುದು, ಅಷ್ಟೇ. 1973ರ ಸಂಹಿತೆಯ 312ನೆಯ ಕಲಮಿನಲ್ಲಿದ್ದ ಈ ಮಾತೇ 2024ರ ಜುಲೈ 1ರಿಂದ ನಡೆದಿರುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ 350ನೆಯ ಕಲಮಾಗಿ ಬಂದಿದೆ. ಖಾಸಗಿಯವನಿಗೆ ಕಡ್ಡಾಯವಾದದ್ದು ಸರಕಾರಕ್ಕೆ ಐಚ್ಛಿಕವೇ?

ಇದು ನಮ್ಮೊಬ್ಬರ ಕೂಗಲ್ಲ. ಸಾಕ್ಷಿದಾರರನ್ನು ಅಲೆದಾಡಿಸುವುದನ್ನೂ ಅವರ ಭತ್ತೆಯ ದುರವಸ್ಥೆಯನ್ನೂ ಸುಪ್ರೀಂ ಕೋರ್ಟು 2000ರಲ್ಲಿ ಸ್ವರಣಸಿಂಗರ ಮೊಕದ್ದಮೆಯಲ್ಲಿ ಕಟುವಾಗಿ ಖಂಡಿಸಿತು. ಕನ್ನಡಿಗರೇ ಆದ ನ್ಯಾಯಮೂರ್ತಿ ವಿ. ಎಸ್. ಮಳಿಮಠರ ಅಧ್ಯಕ್ಷತೆಯ ಸಮಿತಿಯು 2003ರಲ್ಲಿ, ಭತ್ತೆಯ ದರವನ್ನು ಪುನಃ ಪರಿಶೀಲಿಸಿ ಸಾಕ್ಷಿದಾರನು ಕೋರ್ಟು ಬಿಡುವ ಮೊದಲೇ ಅದೇ ದಿನ ಹಣ ಸಲ್ಲಿಸಬೇಕೆಂದು ಶಿಫಾರಸು ಮಾಡಿತು.

ಇದರಿಂದ ಬೊಕ್ಕಸಕ್ಕೆ ಭಾರವೆನ್ನುವವರುಂಟು. ಸಾಕ್ಷಿಯಿಲ್ಲದೆ ಮೊಕದ್ದಮೆ ಮುಂದೆ ಬಿದ್ದಾಗ ನ್ಯಾಯಾಧೀಶರ, ವಕೀಲರ, ಪೊಲೀಸರ ದಿನ ಹಾಳಾಗುವುದು ಭಾರವಲ್ಲವೇ? ಸಾಕ್ಷಿದಾರನ ಬಡತನವನ್ನು ನೋಡಿ ಅವನ ಬಸ್ ಖರ್ಚನ್ನು ಆರೋಪಿಯ ಕಡೆಯವನೇ ಕೊಡಮಾಡಿದರೆ ಸತ್ಯದ ಗತಿಯೇನು?

ಆದುದರಿಂದ ನಮ್ಮ ಬೇಡಿಕೆ ಇಷ್ಟೇ: ಭತ್ತೆಯು ಒಂದು ದಿನದ ಕೂಲಿಗೂ ಪ್ರಯಾಣಕ್ಕೂ ಸಾಲುವಂತಿರಲಿ, ಸಾಕ್ಷಿ ನಡೆಯದಿದ್ದರೂ ಬಂದವನಿಗೆ ಅದು ಅಂದೇ ಸಲ್ಲಲಿ, ಅದರ ದರವು ಸಮನ್ಸಿನ ಮೇಲೆಯೇ ಕನ್ನಡದಲ್ಲಿ ಅಚ್ಚಾಗಿರಲಿ.

ಶಾಲಾಮಾಸ್ತರರಲ್ಲಿಯೂ ನಮ್ಮದೊಂದು ವಿನಂತಿ. ಸಮನ್ಸನ್ನು ಓದಿಸಿಕೊಳ್ಳಲು ಹಳ್ಳಿಗನು ನಿಮ್ಮ ಬಳಿಗೇ ಬರುತ್ತಾನೆ. ತಾರೀಖನ್ನು ಹೇಳಿ ಕಳುಹಿಸಬೇಡಿರಿ. ಭತ್ತೆಯನ್ನು ಕೇಳಲು ಅವನಿಗೆ ಹಾದಿಯಿದೆಯೆಂಬುದನ್ನು ತಿಳಿಸಿರಿ, ಅರ್ಜಿಯನ್ನು ಬರೆದುಕೊಡಿರಿ. ಕೇಳುವವರು ಹೆಚ್ಚಿದಂತೆ ಕೊಡುವವರೂ ಎಚ್ಚರಾಗುವರು.