ಮಕ್ಕಳ ಆಟವೆಂಬ ತಾತ್ಸಾರ

ಬೇಸಿಗೆ ರಜೆ ಸಮೀಪಿಸಿತೆಂದರೆ ಪರಿಚಿತ ತಂದೆತಾಯಿಯರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: “ಮಕ್ಕಳಿಗೆ ಯಾವ ವಿಡಿಯೊ ಗೇಮ್ ಕೊಡಿಸಿದರೆ ತೊಂದರೆಯಿಲ್ಲ?” ಈ ಪ್ರಶ್ನೆಯಲ್ಲಿಯೇ ದೋಷವಿದೆ. ಕೇಳುವವರಿಗೆ ಬೇಕಾಗಿರುವುದು ಆಟವಲ್ಲ, ಬಿಡುವು. ಮಗುವನ್ನು ಕೆಡಿಸದೆ ಎರಡು ಗಂಟೆ ಸುಮ್ಮನಿರಿಸುವ ವಸ್ತುವೊಂದು ಸಿಕ್ಕರೆ ಸಾಕು. “ನಾನೂ ನನ್ನ ಮಗುವೂ ಕೂಡಿ ಆಡಿ ಸಂತೋಷಪಡಬಹುದಾದ ಆಟ ಯಾವುದು?” ಎಂದು ಕೇಳಿದವರು ಅತಿ ವಿರಳ.

ಚೌಕಾಬಾರ, ಅಳಗುಳಿಮಣೆಗಳನ್ನು ಆಡಿ ಬೆಳೆದವರು ಹೀಗೆ ಕೇಳಬೇಕಾಗಿ ಬಂದಿರುವುದೇ ವಿಚಿತ್ರ. ಕವಡೆ ಅನುಕೂಲವಾಗಿ ಬಿದ್ದರೆ ಮೊಮ್ಮಗಳು ಅಜ್ಜಿಯ ಕಾಯನ್ನು ಕಡಿಯುತ್ತಿದ್ದಳು. ಯಾವ ಕಾಯನ್ನು ನಡೆಸಬೇಕೆಂಬ ಲೆಕ್ಕಾಚಾರದಲ್ಲಿ ಅಜ್ಜಿಗೂ ಬೇಸರವಾಗುತ್ತಿರಲಿಲ್ಲ. ಆ ಮಣೆಯ ಮೇಲೆ ಯಾರೂ ವಯಸ್ಸಿನ ಚೀಟಿಯನ್ನು ಅಂಟಿಸಿರಲಿಲ್ಲ.

ಈಗ ಚೀಟಿಯನ್ನೇ ನಂಬುತ್ತೇವೆ. ಅಮೆರಿಕದಲ್ಲಿ 1994ರಿಂದ, ಯುರೋಪಿನಲ್ಲಿ 2003ರಿಂದ ಆಟಗಳಿಗೆ ವಯೋಮಿತಿ ಸೂಚಿಸುವ ವ್ಯವಸ್ಥೆಗಳಿವೆ. ಅವು ಉಪಯುಕ್ತವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಚೀಟಿ ಮುಖ್ಯವಾಗಿ ತಿಳಿಸುವುದು ಆಟದಲ್ಲಿ ರಕ್ತವಿದೆಯೇ, ಬೈಗುಳವಿದೆಯೇ ಎಂಬುದನ್ನು. ಅದರಲ್ಲಿ ಒಳ್ಳೆಯದೇನಿದೆ ಎಂಬುದನ್ನು ಅದು ಹೇಳಲಾರದು. ಕೆಟ್ಟದ್ದೆಲ್ಲವನ್ನೂ ಅದು ಹೇಳಿದ್ದೂ ಇಲ್ಲ. ‘ಫಿಫಾ 18’ ಎಂಬ ಫುಟ್‌ಬಾಲ್ ಆಟಕ್ಕೆ ಯುರೋಪಿನಲ್ಲಿ ದೊರೆತ ಗುರುತು 3 ವರ್ಷದ್ದು. ಒಳಗೇನಿದೆಯೆಂದು ತಿಳಿಯದೆ ಹಣ ತೆತ್ತು ತೆರೆಯುವ ಪೊಟ್ಟಣಗಳು ಆ ಆಟದಲ್ಲಿದ್ದವು; ಇಂತಹ ಪೊಟ್ಟಣಗಳು ಜೂಜಿನ ಕಾನೂನಿಗೆ ವಿರುದ್ಧವೆಂದು ಬೆಲ್ಜಿಯಂನ ಜೂಜು ಆಯೋಗ 2018ರಲ್ಲಿ ಸಾರಿತು. ಇವುಗಳ ಕುರಿತು ಚೀಟಿಯಲ್ಲಿ ಪ್ರತ್ಯೇಕ ಎಚ್ಚರಿಕೆ ಸೇರಿದ್ದು 2020ರಲ್ಲಿ. ಅಷ್ಟರವರೆಗೆ ಪಕ್ಕದಲ್ಲಿ ಕುಳಿತು ಆಡಿದ ತಂದೆಗೆ ಅದು ಮೊದಲ ವಾರದಲ್ಲಿಯೇ ಕಾಣುತ್ತಿತ್ತು. ಚೀಟಿಯನ್ನು ಮಾತ್ರ ಓದಿದವನಿಗೆ ಕಂಡದ್ದು ಬ್ಯಾಂಕಿನ ಸಂದೇಶ ಬಂದ ಮೇಲೆಯೇ.

ಹಾಗಾದರೆ ಇಬ್ಬರಿಗೂ ಒಗ್ಗುವ ಆಟವನ್ನು ಆರಿಸುವುದು ಹೇಗೆ? ಮಗುವಿನ ಮಟ್ಟಕ್ಕೆ ಇಳಿಸಿದ ಆಟವನ್ನು ಹುಡುಕುವುದರಿಂದಂತೂ ಅಲ್ಲ. ದೊಡ್ಡವರಿಗೆ ಆಕಳಿಕೆ ತರಿಸುವ ಆಟ ಮಗುವಿಗೂ ಬಹುಕಾಲ ರುಚಿಸದು. 2017ರ ‘ಮಾರಿಯೊ ಕಾರ್ಟ್ 8 ಡಿಲಕ್ಸ್’ನಲ್ಲಿ ಚಿಕ್ಕವರ ಗಾಡಿ ರಸ್ತೆಯಿಂದ ಆಚೆ ಬೀಳದಂತೆ ನೆರವಾಗುವ ಏರ್ಪಾಡಿದೆ, ಅದೇ ಪಂದ್ಯದಲ್ಲಿ ದೊಡ್ಡವರು ಆ ನೆರವನ್ನು ತೆಗೆದುಹಾಕಿ ಓಡಿಸಬಹುದು. ಬೇಕೆಂದೇ ಸೋಲುವ ನಾಟಕ ಅಲ್ಲಿ ಅನಗತ್ಯ. (ಆ ನಾಟಕವನ್ನು ಮಕ್ಕಳು ತಕ್ಷಣ ಕಂಡುಹಿಡಿಯುತ್ತಾರೆ.) ಅದೇ ವರ್ಷದ ‘ಸ್ನಿಪ್ಪರ್‌ಕ್ಲಿಪ್ಸ್’ನಲ್ಲಿ ಇಬ್ಬರು ಕಾಗದದ ಬೊಂಬೆಗಳಾಗಿ ಒಬ್ಬರನ್ನೊಬ್ಬರು ಕತ್ತರಿಸಿ ಬೇಕಾದ ಆಕಾರ ಮಾಡಿಕೊಳ್ಳಬೇಕು, ಮಾತನಾಡದೆ ಆಡಲು ಸಾಧ್ಯವೇ ಇಲ್ಲ.

ಅಕ್ಕನ ಮಗಳಿಗೆ 13 ವರ್ಷ. ಅವಳೊಡನೆ ‘ಇಟ್ ಟೇಕ್ಸ್ ಟೂ’ ಆಡಿದೆ. 2021ರಲ್ಲಿ ಬಂದ ಈ ಆಟವನ್ನು ಒಬ್ಬರೇ ಆಡಲಾಗದು. ವಿಚ್ಛೇದನಕ್ಕೆ ಸಿದ್ಧರಾದ ದಂಪತಿಗಳು ಪುಟ್ಟ ಬೊಂಬೆಗಳಾಗಿಬಿಡುತ್ತಾರೆ. ಮಗಳ ಕಣ್ಣೀರು ತಮ್ಮ ಮೇಲೆ ಬಿದ್ದರೆ ಮತ್ತೆ ಮನುಷ್ಯರಾಗಬಹುದೆಂದು ನಂಬಿ, ಅವಳನ್ನು ಅಳಿಸುವುದಕ್ಕಾಗಿ ಅವಳ ಅಚ್ಚುಮೆಚ್ಚಿನ ಆನೆ ಬೊಂಬೆಯನ್ನು ಎಳೆದೊಯ್ದು ಹಾಳುಮಾಡಲು ಹೊರಡುತ್ತಾರೆ. ಆನೆ ಬೇಡಿಕೊಳ್ಳುತ್ತದೆ. ಆಟ ಮುಂದೆ ಸಾಗಬೇಕಾದರೆ ಅದನ್ನು ನಾವೇ ನಮ್ಮ ಕೈಯಾರೆ ಮಾಡಬೇಕು. ಹುಡುಗಿ ಕಂಟ್ರೋಲರನ್ನು ಕೆಳಗಿಟ್ಟು, “ಮಾಮ, ಇದನ್ನು ನಾನು ಮಾಡಲಾರೆ” ಎಂದಳು. ಆ ಸಂಜೆ ಆಟ ಅಲ್ಲಿಗೇ ನಿಂತಿತು. ಮಾತು ರಾತ್ರಿಯ ಊಟದವರೆಗೂ ನಡೆಯಿತು. ತನ್ನ ಗೆಳತಿಯೊಬ್ಬಳ ಮನೆಯ ಸಂಗತಿಯನ್ನು, ನಾನು ಕೇಳದಿದ್ದರೂ, ಅವಳೇ ಹೇಳಿದಳು. ಡಬ್ಬಿಯ ಮೇಲಿದ್ದ 12 ಎಂಬ ಅಂಕಿ ಇದಾವುದನ್ನೂ ತಿಳಿಸಿರಲಿಲ್ಲ. ಅವಳು ಗೆಳತಿಯೊಡನೆ ಆಡಿದ್ದರೆ ನನಗೂ ತಿಳಿಯುತ್ತಿರಲಿಲ್ಲ.

ಇದಕ್ಕೆಲ್ಲ ಸಾವಿರಾರು ರೂಪಾಯಿಯ ಯಂತ್ರ ಬೇಕಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಎಲ್ಲರ ಮನೆಗೂ ಅದು ಎಟುಕದು. ಆದರೆ 2014ರ ‘ಮಾನ್ಯುಮೆಂಟ್ ವ್ಯಾಲಿ’ಯಂತಹ ಆಟಕ್ಕೆ ಒಂದು ಮೊಬೈಲ್ ಸಾಕು, ಕಣ್ಣಿಗೆ ಮೋಸಮಾಡುವ ಅದರ ಮೆಟ್ಟಿಲು, ಗೋಪುರಗಳ ಒಗಟನ್ನು ಇಬ್ಬರು ತಲೆಗೂಡಿಸಿ ಬಿಡಿಸಬಹುದು. ಚದುರಂಗವಂತೂ ಪ್ರತಿ ಮೊಬೈಲಿನಲ್ಲಿಯೂ ಉಚಿತವಾಗಿ ದೊರೆಯುತ್ತದೆ.

“ನಮಗೆಲ್ಲಿಯ ಸಮಯ?” ಎಂಬ ಇನ್ನೊಂದು ಆಕ್ಷೇಪವನ್ನು ಮಾತ್ರ ನಾನು ಒಪ್ಪಲಾರೆ. ಐಪಿಎಲ್ ಪಂದ್ಯವೊಂದಕ್ಕೆ ಮೂರೂವರೆ ಗಂಟೆ ಬೇಕು. ಅದನ್ನು ಕೊನೆಯ ಚೆಂಡಿನವರೆಗೂ ನೋಡುವ ಗೃಹಸ್ಥರೇ ಮಗಳ ಆಟವನ್ನು ಕಾಲಹರಣವೆನ್ನುವುದನ್ನು ನಾನು ಅನೇಕ ಮನೆಗಳಲ್ಲಿ ಕೇಳಿದ್ದೇನೆ. ಅವರಲ್ಲಿ ಒಬ್ಬರಿಗೆ ಕಂಟ್ರೋಲರ್ ಕೊಟ್ಟು ನೋಡಿದೆ. ಎಂಟು ವರ್ಷದ ಮಗನೆದುರು ಎರಡು ಬಾರಿ ಸೋತು, ಕೆಲಸ ನೆನಪಾಯಿತೆಂದು ಎದ್ದುಹೋದರು.